ಆರ್ಥರನ ಕೆಸರು, ರಾಬಿನ್‌ನ ನೆತ್ತರು: ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ಸಂಚಿಕೆಯಲ್ಲಿ ಬ್ರಿಟನ್ನಿನ ಹಳೆಯ ದಂತಕಥೆಗಳನ್ನು ಹಸಿಹಸಿಯಾಗಿ ಮತ್ತೆ ಹೇಳುವ ಐತಿಹಾಸಿಕ ಕಾದಂಬರಿಗಳ ಬಗ್ಗೆ ನಾಲ್ಕು ಮಾತು ಬರೆದಿದ್ದೆ. ಹೊಳೆಯುವ ಕವಚ, ಬಿಳಿ ಕುದುರೆ ಎಲ್ಲವನ್ನೂ ಬದಿಗಿಟ್ಟು ಆರ್ಥರ್ ರಾಜ, ಕಾಡಿನ ದರೋಡೆಗಾರ ರಾಬಿನ್ ಹುಡ್ ಮುಂತಾದವರನ್ನು ಹಸಿವು, ಗಾಯ, ಚಳಿಯ ನಡುವೆ ತಂದು ನಿಲ್ಲಿಸುವ ಕಾದಂಬರಿಗಳು ಅವು. ಅದಕ್ಕೆ ಇಷ್ಟೊಂದು ಪತ್ರ ಬರುತ್ತವೆ ಎಂದುಕೊಂಡಿರಲಿಲ್ಲ. ಕೆಲವರಿಗೆ ಖುಷಿ, ಕೆಲವರಿಗೆ ಸಿಟ್ಟು. ಎರಡೂ ಬಗೆಯ ಪತ್ರಗಳಿಂದ ಪ್ರಶ್ನೆಗಳನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಇಂಥ ಪುಸ್ತಕಗಳ ಹಿಂಬದಿಯಲ್ಲಿ "ಇದೇ ನಿಜವಾದ ಆರ್ಥರನ ಕಥೆ" ಎಂದು ಹಾಕಿರುತ್ತಾರೆ. ನಿಜವಾದ ಆರ್ಥರ್ ಅಂತ ಒಬ್ಬ ಇದ್ದನೇ?

ಉತ್ತರ: ಇದ್ದ ಎಂದು ಯಾರೂ ಖಚಿತವಾಗಿ ಹೇಳಲಾರರು, ಇರಲೇ ಇಲ್ಲ ಎಂದು ಹೇಳುವುದಕ್ಕೂ ಆಗುವುದಿಲ್ಲ. ನಮ್ಮ ಕೈಯಲ್ಲಿ ಇರುವುದಿಷ್ಟು. ಸುಮಾರು 410ರ ಹೊತ್ತಿಗೆ ರೋಮನ್ ಆಡಳಿತ ಬ್ರಿಟನ್ನಿನ ಕೈಬಿಟ್ಟಿತು. ಪೂರ್ವದಿಂದ ಸ್ಯಾಕ್ಸನ್ನರು ಬಂದು ನೆಲೆಯೂರಿದರು, ಊರಿನ ಬ್ರಿಟನ್ನರಿಗೂ ಅವರಿಗೂ ಕದನ ಶುರುವಾಯಿತು. 6ನೇ ಶತಮಾನದಲ್ಲಿ ಗಿಲ್ಡಾಸ್ ಎಂಬ ಕ್ರೈಸ್ತ ಸನ್ಯಾಸಿ ಆ ಕಾಲದ ಬಗ್ಗೆ ಬರೆದ. ಬೇಡನ್ ಬೆಟ್ಟದ ದೊಡ್ಡ ಗೆಲುವಿನ ಮಾತು ಅದರಲ್ಲಿದೆ, ಆಂಬ್ರೋಸಿಯಸ್ ಔರೇಲಿಯಾನಸ್ ಎಂಬ ನಾಯಕನ ಹೆಸರಿದೆ, ಆದರೆ ಆರ್ಥರನ ಹೆಸರು ಎಲ್ಲೂ ಇಲ್ಲ. ಆಮೇಲೆ ಹತ್ತಿರಹತ್ತಿರ 300 ವರ್ಷ ಕಳೆದು, ಸುಮಾರು 830ರಲ್ಲಿ, ಬ್ರಿಟನ್ನರ ಚರಿತ್ರೆ ಹೇಳುವ ಒಂದು ಲ್ಯಾಟಿನ್ ಪುಸ್ತಕದಲ್ಲಿ ಆರ್ಥರ್ ಕಾಣಿಸಿಕೊಳ್ಳುತ್ತಾನೆ. ಅಲ್ಲಿ ಅವನನ್ನು ರಾಜ ಎಂದು ಕರೆದಿಲ್ಲ, ರಾಜರ ಜೊತೆಗೂಡಿ ಹೋರಾಡಿದ ಯುದ್ಧನಾಯಕ ಎಂದಿದೆ. 12 ಯುದ್ಧಗಳ ಪಟ್ಟಿ ಇದೆ, ಕೊನೆಯದು ಬೇಡನ್. ಅಲ್ಲಿ ಒಂದೇ ದಾಳಿಯಲ್ಲಿ ಅವನೊಬ್ಬನೇ 960 ಜನರನ್ನು ಕೆಡವಿದನಂತೆ. ಅಂದರೆ ನಮಗೆ ಅವನು ಸಿಗುವ ಹೊತ್ತಿಗಾಗಲೇ ದಂತಕಥೆಯಾಗಿಬಿಟ್ಟಿದ್ದ.

ಇನ್ನೊಂದು ಸಾಲು ಇದೆ, ನನಗೆ ತುಂಬಾ ಇಷ್ಟವಾದದ್ದು. 10ನೇ ಶತಮಾನದಲ್ಲಿ ಒಟ್ಟುಮಾಡಿದ ವೇಲ್ಸ್‌ನ ವಾರ್ಷಿಕ ದಾಖಲೆಯಲ್ಲಿ, 537ರ ಆಸುಪಾಸಿನ ಒಂದು ವರ್ಷದ ಎದುರು, ಕ್ಯಾಮ್ಲನ್ ಕದನದಲ್ಲಿ ಆರ್ಥರ್ ಮತ್ತು ಮೆದ್ರೌಟ್ ಬಿದ್ದರು, ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ ಪಿಡುಗು ಇತ್ತು ಎಂದಿದೆ. ಅಷ್ಟೇ. ಮೆದ್ರೌಟ್ ಅಂದರೆ ಮುಂದೆ ನಾವು ಕೇಡಿಗ ಎಂದು ಓದುವ ಮಾರ್ಡ್ರೆಡ್. ಆದರೆ ಈ ಸಾಲಿನಲ್ಲಿ ಅವನು ವೈರಿ ಎಂದು ಬರೆದಿಲ್ಲ. ಇಬ್ಬರೂ ಎದುರುಬದುರು ನಿಂತಿದ್ದರೋ, ಒಂದೇ ಕಡೆ ನಿಂತು ಸತ್ತರೋ ತಿಳಿಯುವುದಿಲ್ಲ. ಕಾದಂಬರಿಕಾರನಿಗೆ ಬೇಕಾದ ಜಾಗ ಇದೇ ಅಲ್ವಾ? "ಇದೇ ನಿಜವಾದ ಆರ್ಥರ್" ಎಂಬ ಮಾತನ್ನು ನೀವು ನಂಬಬೇಡಿ, ಅದು ಪುಸ್ತಕ ಮಾರುವವರ ಮಾತು. ಒಳ್ಳೆಯ ಲೇಖಕರು ಪುಸ್ತಕದ ಕೊನೆಯಲ್ಲಿ ಯಾವುದು ದಾಖಲೆ, ಯಾವುದು ತಮ್ಮ ಕಲ್ಪನೆ ಎಂದು ಬಿಡಿಸಿ ಹೇಳಿರುತ್ತಾರೆ. ನಾನು ಮೊದಲು ಆ ಪುಟಗಳನ್ನೇ ತೆರೆಯುತ್ತೇನೆ.

ಪ್ರಶ್ನೆ: ನಾನು ಓದಿದ ಒಂದು ಕಾದಂಬರಿಯಲ್ಲಿ ಆರ್ಥರನ ರಾಜಧಾನಿ ಕ್ಯಾಮೆಲಾಟ್ ಇಲ್ಲ, ಕಲ್ಲಿನ ಕೋಟೆ ಇಲ್ಲ, ಅವನ ವೀರರು ಸುತ್ತ ಕೂರುವ ದುಂಡು ಮೇಜೂ ಇಲ್ಲ. ಇಷ್ಟೆಲ್ಲ ಕಿತ್ತುಹಾಕಿದ ಮೇಲೆ ಅದು ಆರ್ಥರನ ಕಥೆ ಹೇಗಾಗುತ್ತದೆ?

ಉತ್ತರ: ಬೇಸರ ಅರ್ಥವಾಗುತ್ತದೆ. ಆದರೆ ನೀವು ಹೇಳಿದ್ದೆಲ್ಲ ಕಾಲಕಾಲಕ್ಕೆ ಸೇರಿಕೊಂಡು ಬಂದದ್ದು. ಮಾನ್‌ಮತ್‌ನ ಜೆಫ್ರಿ ಸುಮಾರು 1136ರ ಹೊತ್ತಿಗೆ ಆರ್ಥರನಿಗೆ ಒಂದು ಪೂರ್ತಿ ಜೀವನಕಥೆ ಕಟ್ಟಿಕೊಟ್ಟ. ಕಡಲ ದಂಡೆಯ ಟಿಂಟಾಜೆಲ್‌ನಲ್ಲಿ ಹುಟ್ಟು, ಮಂತ್ರವಾದಿ ಮರ್ಲಿನ್, ಕತ್ತಿ, ಮಾರ್ಡ್ರೆಡ್‌ನ ದ್ರೋಹ ಎಲ್ಲ ಅಲ್ಲಿ ಒಟ್ಟಿಗೆ ಬಂದವು. ದುಂಡು ಮೇಜು 1155ರಲ್ಲಿ ವಾಸ್ ಎಂಬ ಕವಿಯ ಫ್ರೆಂಚ್ ಕಾವ್ಯದಲ್ಲಿ ಮೊದಲು ಬಂತು. ವೀರ ಲ್ಯಾನ್ಸೆಲಾಟ್ ಮತ್ತು ಆರ್ಥರನ ರಾಣಿ ಗ್ವಿನಿವಿಯರ್‌ಳ ಪ್ರೇಮ, ಕ್ಯಾಮೆಲಾಟ್ ಎಂಬ ಹೆಸರು, ವೀರರು ಹುಡುಕಿಹೋಗುವ ಗ್ರೇಲ್ ಎಂಬ ಪವಿತ್ರ ಪಾತ್ರೆ, ಇವು 12ನೇ ಶತಮಾನದ ಕೊನೆಗೆ ಕ್ರೆಟಿಯೆನ್ ದ ತ್ರೋಯ್ ಎಂಬ ಫ್ರೆಂಚ್ ಕವಿಯಿಂದ ಬಂದವು. ಥಾಮಸ್ ಮ್ಯಾಲರಿ ಇದನ್ನೆಲ್ಲ ಸೆರೆಮನೆಯಲ್ಲಿ ಕೂತು ಇಂಗ್ಲಿಷಿಗೆ ತಂದ, ಕ್ಯಾಕ್ಸ್‌ಟನ್ 1485ರಲ್ಲಿ ಅಚ್ಚು ಹಾಕಿದ. ನಮ್ಮ ಕಣ್ಣಮುಂದೆ ಬರುವ, ಮೈತುಂಬ ಉಕ್ಕಿನ ಹಾಳೆ ತೊಟ್ಟ ವೀರರು ಮ್ಯಾಲರಿಯ ಕಾಲದವರು, ಆರ್ಥರನ ಕಾಲದವರಲ್ಲ.

ಕ್ರಿ.ಶ. 500ರ ಬ್ರಿಟನ್ನಿನಲ್ಲಿ ಕುದುರೆ ಸವಾರ ಕಾಲಿಡುವ ರಿಕಾಪು ಕೂಡ ಇರಲಿಲ್ಲ. ಇಂಗ್ಲೆಂಡಿಗೆ ಕೋಟೆ ಕಟ್ಟುವ ರೂಢಿ ಬಂದದ್ದು 1066ರಲ್ಲಿ ನಾರ್ಮನ್ನರು ಗೆದ್ದ ಮೇಲೆ. ಹಾಗಾದರೆ ಆರ್ಥರನ ಕಾಲದಲ್ಲಿ ಏನಿತ್ತು? ಸಾಮರ್ಸೆಟ್‌ನ ಕ್ಯಾಡ್‌ಬರಿ ಬೆಟ್ಟದಲ್ಲಿ 1966ರಿಂದ 1970ರವರೆಗೆ ಅಗೆದಾಗ, ಹಳೆಯ ಮಣ್ಣಿನ ದಿಬ್ಬಗಳನ್ನು ಆ ಕಾಲದಲ್ಲಿ ಮರ ಮತ್ತು ಕಲ್ಲು ಹಾಕಿ ಮತ್ತೆ ಬಲಪಡಿಸಿದ್ದು, ಒಳಗೆ ಮರದ ದೊಡ್ಡ ಮನೆ ಇದ್ದದ್ದು ಗೊತ್ತಾಯಿತು. ಟಿಂಟಾಜೆಲ್‌ನ ಬಂಡೆಯ ಮೇಲೆ ಮೆಡಿಟರೇನಿಯನ್ ಕಡೆಯಿಂದ ಬಂದ ಜಾಡಿಗಳ ಚೂರುಗಳು ಸಿಕ್ಕವು. ರೋಮ್ ಹೋದ ಮೇಲೂ ಅಲ್ಲಿ ಯಾರೋ ದೂರದ ಸಮುದ್ರದಿಂದ ವೈನ್, ಎಣ್ಣೆ ತರಿಸಿಕೊಳ್ಳುತ್ತಿದ್ದರು. ರೋಮನ್ನರ ರಸ್ತೆಗಳು ಹುಲ್ಲು ಹತ್ತಿಹೋಗಿವೆ, ಸ್ನಾನಗೃಹದ ಮಾಡು ಕುಸಿದಿದೆ, ಅದನ್ನು ಕಟ್ಟುವ ವಿದ್ಯೆ ಗೊತ್ತಿದ್ದವರು ಯಾರೂ ಉಳಿದಿಲ್ಲ. ಅಜ್ಜ ಹೇಳಿದ ನಗರದ ಕಥೆ ಕೇಳಿಕೊಂಡು ಮರದ ಬೇಲಿಯ ಹಿಂದೆ ಕಾವಲು ನಿಂತ ಒಬ್ಬ ಹುಡುಗನನ್ನು ನೆನೆದುಕೊಳ್ಳಿ. ಕ್ಯಾಮೆಲಾಟ್ ಕಳೆದುಕೊಂಡ ನಮಗೆ ಸಿಕ್ಕದ್ದು ಈ ಹುಡುಗ. ನನಗೇನೋ ಇದು ಕಡಿಮೆ ಎನಿಸುವುದಿಲ್ಲ.

ಪ್ರಶ್ನೆ: ವಿಂಚೆಸ್ಟರ್‌ನಲ್ಲಿ ಗೋಡೆಗೆ ತೂಗುಹಾಕಿರುವ ದುಂಡು ಮೇಜು ಮತ್ತೆ ಯಾವುದು?

ಉತ್ತರ: ಅದು ಓಕ್ ಮರದ, ಸುಮಾರು ಐದೂವರೆ ಮೀಟರ್ ಅಗಲದ ಮೇಜು. 13ನೇ ಶತಮಾನದ ಕೊನೆಯಲ್ಲಿ, ಒಂದನೇ ಎಡ್ವರ್ಡ್ ಕಾಲದಲ್ಲಿ ಮಾಡಿದ್ದು. ಬಣ್ಣ ಹಾಕಿಸಿದ್ದು ಎಂಟನೇ ಹೆನ್ರಿ. ರಾಜರಿಗೆ ತಾವು ಆರ್ಥರನ ವಾರಸುದಾರರು ಎಂದು ತೋರಿಸಿಕೊಳ್ಳುವುದು ಬೇಕಿತ್ತು.

ಪ್ರಶ್ನೆ: ನನ್ನ 12 ವರ್ಷದ ಮಗನಿಗೆ ರಾಬಿನ್ ಹುಡ್ ಎಂದು ನೋಡಿ ಒಂದು ಹೊಸ ಕಾದಂಬರಿ ತಂದುಕೊಟ್ಟೆ. ಎರಡನೇ ಅಧ್ಯಾಯದಲ್ಲೇ ಒಬ್ಬನ ತಲೆ ಕಡಿಯುತ್ತಾರೆ. ಮಕ್ಕಳ ಕಥೆಯನ್ನು ಹೀಗೆ ಯಾಕೆ ಹಾಳುಮಾಡುತ್ತಾರೆ? ತುಂಬಾ ಸಿಟ್ಟು ಬಂತು.

ಉತ್ತರ: ಮೊದಲು ಮಗನ ವಿಷಯ. 12 ವರ್ಷಕ್ಕೆ ಅಂಥ ಪುಸ್ತಕ ಬೇಡ, ನೀವು ತೆಗೆದಿಟ್ಟದ್ದು ಸರಿ. ಈ ಬಗೆಯ ಕಾದಂಬರಿಗಳು ದೊಡ್ಡವರಿಗೆ ಬರೆದವು. ಮುಖಪುಟದಲ್ಲಿ ಬಿಲ್ಲು ಹಿಡಿದ ಹಸಿರು ಅಂಗಿಯವನಿದ್ದರೂ, ಕೊಡುವ ಮೊದಲು ಒಂದೆರಡು ಅಧ್ಯಾಯ ನೀವೇ ಓದಿ.

ಆದರೆ ಮಕ್ಕಳ ಕಥೆಯನ್ನು ಹಾಳುಮಾಡಿದರು ಎನ್ನುವುದನ್ನು ನಾನು ಒಪ್ಪುವುದಿಲ್ಲ. ಆದದ್ದು ಉಲ್ಟಾ. ರಾಬಿನ್ ಮತ್ತು ಸನ್ಯಾಸಿಯ ಕಥೆ ಹೇಳುವ ಒಂದು ಲಾವಣಿ ಇದೆ. ಸಿಕ್ಕಿರುವ ರಾಬಿನ್ ಹುಡ್ ಲಾವಣಿಗಳಲ್ಲಿ ಅತಿ ಹಳೆಯದು ಅದು, 15ನೇ ಶತಮಾನದ ಹಸ್ತಪ್ರತಿಯಲ್ಲಿದೆ. ರಾಬಿನ್ ಪೂಜೆಗೆಂದು ನಾಟಿಂಗ್‌ಹ್ಯಾಮ್‌ನ ಚರ್ಚಿಗೆ ಹೋಗುತ್ತಾನೆ. ಹಿಂದೊಮ್ಮೆ ಅವನಿಂದ ದೋಚಿಸಿಕೊಂಡಿದ್ದ ಸನ್ಯಾಸಿಯೊಬ್ಬ ಗುರುತು ಹಿಡಿದು ಹಿಡಿಸಿಕೊಡುತ್ತಾನೆ. ಆ ಸನ್ಯಾಸಿ ರಾಜನಿಗೆ ಪತ್ರ ಒಯ್ಯುವಾಗ ರಾಬಿನ್‌ನ ಸಂಗಡಿಗರಾದ ಲಿಟ್ಲ್ ಜಾನ್ ಮತ್ತು ಮಚ್ ದಾರಿಯಲ್ಲಿ ಸ್ನೇಹಿತರಂತೆ ಜೊತೆಯಾಗುತ್ತಾರೆ. ಜಾನ್ ಅವನ ತಲೆ ಕಡಿಯುತ್ತಾನೆ. ಸನ್ಯಾಸಿಯ ಜೊತೆ ಕೆಲಸದ ಹುಡುಗನೊಬ್ಬ ಇರುತ್ತಾನೆ, ಚಿಕ್ಕವನು. ಅವನು ಹೋಗಿ ಹೇಳಿಬಿಟ್ಟಾನು ಎಂಬ ಹೆದರಿಕೆಗೆ ಮಚ್ ಅವನನ್ನೂ ಕೊಲ್ಲುತ್ತಾನೆ. ಲಾವಣಿ ಇದನ್ನು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತದೆ, ಒಂದು ಅಯ್ಯೋ ಕೂಡ ಇಲ್ಲ. ಚಿಕ್ಕಂದಿನಿಂದ ರಾಬಿನ್ ಹುಡ್ ಓದಿಕೊಂಡು ಬಂದ ನಾನು ದೊಡ್ಡವನಾದ ಮೇಲೆ ಈ ಸಾಲಿಗೆ ಬಂದಾಗ ಪುಸ್ತಕ ಮುಚ್ಚಿಟ್ಟು ಸುಮ್ನೆ ಕೂತಿದ್ದೆ.

ಇನ್ನೊಂದು ಲಾವಣಿಯಲ್ಲಿ ರಾಬಿನ್ ಗಿಸ್‌ಬೋರ್ನ್‌ನ ಗೈ ಎಂಬವನನ್ನು ಕೊಂದು, ತಲೆ ಕತ್ತರಿಸಿ ಬಿಲ್ಲಿನ ತುದಿಗೆ ಸಿಕ್ಕಿಸಿ, ಯಾರಿಗೂ ಗುರುತು ಸಿಗದ ಹಾಗೆ ಮುಖವನ್ನು ಚಾಕುವಿನಿಂದ ಕೊಯ್ಯುತ್ತಾನೆ. ರಾಬಿನ್ ಸಾಯುವುದೂ ವೀರನಂತೆ ಅಲ್ಲ. ಮೈಗೆ ಸರಿಯಿಲ್ಲ ಎಂದು ರಕ್ತ ತೆಗೆಸಿಕೊಳ್ಳಲು ಕರ್ಕ್‌ಲೀಸ್‌ನ ಸನ್ಯಾಸಿನಿಯರ ಮಠಕ್ಕೆ ಹೋಗುತ್ತಾನೆ. ಮಠದ ಹಿರಿಯಳು ಅವನ ಸಂಬಂಧಿಕಳೇ. ರಕ್ತ ಹರಿಯಲು ಬಿಟ್ಟು ಸಾಯಿಸುತ್ತಾಳೆ. ಆರ್ಥರನ ಕಡೆಗೂ ಬನ್ನಿ. ಮೇ ತಿಂಗಳ ಮೊದಲ ದಿನ ಹುಟ್ಟಿದ ಮಗು ನಿನ್ನನ್ನು ನಾಶ ಮಾಡುತ್ತದೆ ಎಂದು ಮರ್ಲಿನ್ ಹೇಳಿದ್ದಕ್ಕೆ, ಆ ದಿನ ಹುಟ್ಟಿದ ಕುಲೀನರ ಕೂಸುಗಳನ್ನೆಲ್ಲ ತರಿಸಿ ಹಡಗಿಗೆ ಹಾಕಿ ಸಮುದ್ರಕ್ಕೆ ಬಿಡಿಸುತ್ತಾನೆ ಮ್ಯಾಲರಿಯ ಆರ್ಥರ್. ಹಡಗು ಒಡೆಯುತ್ತದೆ, ಮಾರ್ಡ್ರೆಡ್ ಒಬ್ಬ ಬದುಕುತ್ತಾನೆ. ಮಕ್ಕಳ ಪುಸ್ತಕಗಳಲ್ಲಿ ಈ ಪುಟ ಇರುವುದಿಲ್ಲ. ಅಂದರೆ ಹಸಿ ಕಥೆ ಮೊದಲಿನದು, ತೊಳೆದು ಒಣಗಿಸಿದ ಕಥೆ ಆಮೇಲಿನದು.

ಹಾಗಂತ ರಕ್ತ ಜಾಸ್ತಿ ಇದ್ದಷ್ಟೂ ಪುಸ್ತಕ ಒಳ್ಳೆಯದು ಎಂದಲ್ಲ. ಈ ವಿಷಯದಲ್ಲಿ ನನಗೆ ಗಟ್ಟಿ ಅಭಿಪ್ರಾಯವಿದೆ. 1461ರ ಟೌಟನ್ ಯುದ್ಧದ ಸಾಮೂಹಿಕ ಗುಂಡಿಯೊಂದು 1996ರಲ್ಲಿ ಯಾರ್ಕ್‌ಷೈರ್‌ನಲ್ಲಿ ಸಿಕ್ಕಿತು. ಸುಮಾರು 40 ಜನರ ಎಲುಬುಗಳು. ಏಟುಗಳು ಬಹುಪಾಲು ತಲೆಗೆ, ಒಬ್ಬೊಬ್ಬನಿಗೆ ಹಲವು. ಅವರಲ್ಲಿ ಒಬ್ಬನ ದವಡೆಯಲ್ಲಿ ವರ್ಷಗಳ ಹಿಂದೆ ಬಿದ್ದ ಆಳವಾದ ಕತ್ತಿ ಗಾಯ ಮಾಗಿದ ಗುರುತಿತ್ತು. ಮುಖ ಸೀಳಿಹೋದವನು ಗುಣವಾಗಿ, ಮತ್ತೆ ಆಯುಧ ಹಿಡಿದು, ಮತ್ತೊಂದು ಯುದ್ಧಕ್ಕೆ ಬಂದು, ಅಲ್ಲಿ ಸತ್ತಿದ್ದಾನೆ. ಒಂದು ಪುಟದಲ್ಲಿ 20 ತಲೆ ಉರುಳಿಸುವ ಕಾದಂಬರಿಗಿಂತ, ಈ ಒಬ್ಬ ಮನುಷ್ಯ ನಡುವಿನ ಆ ವರ್ಷಗಳಲ್ಲಿ ಹೇಗೆ ಊಟ ಮಾಡುತ್ತಿದ್ದ, ಅವನ ಮುಖ ನೋಡಿ ಅವನ ಮಗು ಅಳುತ್ತಿತ್ತೇ ಎಂದು ಕೇಳುವ ಕಾದಂಬರಿ ನನಗೆ ಬೇಕು. ಮೂರನೇ ಅಧ್ಯಾಯದಲ್ಲಿ ಬಿದ್ದ ಏಟು ಹತ್ತನೇ ಅಧ್ಯಾಯದಲ್ಲೂ ನೋಯಬೇಕು. ನೋಯದಿದ್ದರೆ ಅದು ಬರೀ ಬಣ್ಣದ ನೀರು.

ಪ್ರಶ್ನೆ: ಆ ಕಾಲದವರು ಸ್ನಾನವನ್ನೇ ಮಾಡುತ್ತಿರಲಿಲ್ಲವೇ? ಎಲ್ಲ ಕಾದಂಬರಿಗಳಲ್ಲೂ ಜನ ಕೊಳಕು, ಬಟ್ಟೆ ಕಂದು ಬಣ್ಣದ್ದು.

ಉತ್ತರ: ಇದೊಂದು ಕೆಟ್ಟ ಚಾಳಿ, ಬಿಟ್ಟರೆ ಒಳ್ಳೆಯದು. ಆಂಗ್ಲೋ ಸ್ಯಾಕ್ಸನ್ ಗೋರಿಗಳಲ್ಲಿ ಎಲುಬಿನ ಬಾಚಣಿಗೆಗಳು ಸಿಗುತ್ತವೆ. ತಲೆ ಬಾಚಿಕೊಳ್ಳುವುದು ಅವರಿಗೆ ಎಷ್ಟು ಮುಖ್ಯವಾಗಿತ್ತೆಂದರೆ ಸತ್ತವರ ಜೊತೆಗೂ ಇಡುತ್ತಿದ್ದರು. ಗಿಡಗಳಿಂದ ನೀಲಿ, ಕೆಂಪು, ಹಳದಿ ಬಣ್ಣ ತೆಗೆದು ಉಣ್ಣೆಗೆ ಹಾಕುತ್ತಿದ್ದರು. ಸಟನ್ ಹೂ ಎಂಬಲ್ಲಿ 1939ರಲ್ಲಿ ಸಿಕ್ಕ 7ನೇ ಶತಮಾನದ ಹಡಗು ಗೋರಿಯ ಒಡವೆಗಳನ್ನು ಚಿತ್ರದಲ್ಲಾದರೂ ನೋಡಿ. ಚಿನ್ನದಲ್ಲಿ ಕೂರಿಸಿದ ಕೆಂಪು ಹರಳುಗಳು ಈಗಲೂ ಕಣ್ಣು ಕುಕ್ಕುತ್ತವೆ. ಕಷ್ಟದ ಬದುಕು ಎಂದರೆ ಬಣ್ಣವಿಲ್ಲದ ಬದುಕು ಅಲ್ಲ.

ಪ್ರಶ್ನೆ: ಹೆಣ್ಣುಮಗಳಾಗಿ ಕೇಳುತ್ತಿದ್ದೇನೆ. ವಾಸ್ತವ ಎಂದು ಹೇಳಿಕೊಂಡು ಈ ಕಾದಂಬರಿಗಳು ಹೆಂಗಸರ ಮೇಲೆ ಅತ್ಯಾಚಾರ ನಡೆಸುವುದು ಬಿಟ್ಟು ಬೇರೇನನ್ನೂ ತೋರಿಸುವುದಿಲ್ಲ. "ಆಗ ಹಾಗೇ ಇತ್ತು" ಎನ್ನುತ್ತಾರೆ. ನಿಜವೇ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಹಿಂಸೆ ಇತ್ತು, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ "ಆಗ ಹಾಗೇ ಇತ್ತು" ಎನ್ನುವವರು ಆ ಕಾಲದ ಉಳಿದ ಅರ್ಧವನ್ನು ಓದಿಲ್ಲ. ನಾಯಕನಿಗೆ ಸೇಡಿನ ನೆಪ ಬೇಕೆಂದು ಹೆಂಡತಿಯನ್ನು ಮೊದಲ ಅಧ್ಯಾಯದಲ್ಲೇ ಕೊಲ್ಲಿಸುವುದು ಬರೀ ಸೋಮಾರಿತನ.

ದಾಖಲೆಯಲ್ಲಿ ಯಾರ್ಯಾರಿದ್ದಾರೆ ನೋಡಿ. ಹಿಲ್ಡ್ 7ನೇ ಶತಮಾನದಲ್ಲಿ ವಿಟ್‌ಬಿಯ ಮಠ ನಡೆಸಿದವಳು. ಅಲ್ಲಿ ಗಂಡಸರೂ ಹೆಂಗಸರೂ ಅವಳ ಮಾತಿನ ಕೆಳಗಿದ್ದರು. 664ರಲ್ಲಿ ಚರ್ಚಿನ ದೊಡ್ಡ ಸಭೆ ನಡೆದದ್ದು ಅವಳ ಮಠದಲ್ಲೇ. ಎಥೆಲ್‌ಫ್ಲೇಡ್ ಮರ್ಸಿಯಾ ಎಂಬ ನಾಡನ್ನು ಆಳಿದಳು, ಊರೂರಿಗೆ ಕೋಟೆಗೋಡೆ ಕಟ್ಟಿಸಿದಳು, ಡೇನರಿಂದ ಡರ್ಬಿಯನ್ನು ಗೆದ್ದಳು, 918ರಲ್ಲಿ ತೀರಿಕೊಂಡಳು. ರಾಬಿನ್ ಹುಡ್ ಕಾದಂಬರಿ ಬರೆಯುವವರಂತೂ ನಿಕೋಲಾ ದ ಲಾ ಹೇ ಬಗ್ಗೆ ಓದಲೇಬೇಕು. ಲಿಂಕನ್ ಕೋಟೆಯ ಉಸ್ತುವಾರಿ ಅವಳದು. 1191ರಲ್ಲಿ ಒಮ್ಮೆ ಮುತ್ತಿಗೆ ಎದುರಿಸಿ ಕೋಟೆ ಉಳಿಸಿಕೊಂಡಳು. 1216ರಲ್ಲಿ ಜಾನ್ ರಾಜ ಅವಳನ್ನು ಲಿಂಕನ್‌ಷೈರ್‌ನ ಶೆರಿಫ್, ಅಂದರೆ ರಾಜನ ಪರವಾಗಿ ಸೀಮೆ ನೋಡಿಕೊಳ್ಳುವ ಅಧಿಕಾರಿ, ಮಾಡಿದ. ಮರುವರ್ಷ, ಅರವತ್ತು ದಾಟಿದ ವಯಸ್ಸಿನಲ್ಲಿ, ಮತ್ತೆ ಮುತ್ತಿಗೆ ತಡೆದು ನಿಂತಳು. ಹೌದು, ಶೆರಿಫ್ ಒಬ್ಬ ಹೆಂಗಸು! ರಾಬಿನ್‌ನ ವೈರಿಯಾದ ಶೆರಿಫ್ ಇದ್ದ ನಾಟಿಂಗ್‌ಹ್ಯಾಮ್‌ನ ಪಕ್ಕದ ಸೀಮೆಯಲ್ಲೇ. ರಾಬಿನ್ ಕಥೆ ಬರೆಯುವವನಿಗೆ ಇದಕ್ಕಿಂತ ಒಳ್ಳೆಯ ಪಾತ್ರ ಎಲ್ಲಿ ಸಿಗುತ್ತದೆ?

ವೇಲ್ಸ್‌ನ ಹಳೆಯ ಕಾನೂನಿನಲ್ಲಿ, ಏಳು ವರ್ಷ ಸಂಸಾರ ಮಾಡಿದ ಮೇಲೆ ಗಂಡಹೆಂಡಿರು ಬೇರೆಯಾದರೆ ಮನೆಯ ಸಾಮಾನು ಸರಂಜಾಮು ಸಮಪಾಲು. ಯಾರಿಗೆ ಯಾವುದು ಎಂದು ಪಾತ್ರೆ, ಹಾಸಿಗೆವರೆಗೆ ಬರೆದಿಟ್ಟಿದ್ದಾರೆ.

ಒಂದು ಮಾತು ಇದೆ, ಅದನ್ನು ನಿಮ್ಮ ಪತ್ರವೇ ನೆನಪಿಸಿತು. ಆರ್ಥರ್ ಹುಟ್ಟಿದ್ದು ಹೇಗೆ? ಊಥರ್ ರಾಜ ಇಗ್ರೇನ್ ಎಂಬವಳನ್ನು ಬಯಸುತ್ತಾನೆ. ಅವಳಿಗೆ ಗಂಡ ಇದ್ದಾನೆ. ಮರ್ಲಿನ್ ಮಂತ್ರ ಹಾಕಿ ಊಥರ್‌ಗೆ ಅವಳ ಗಂಡನ ರೂಪ ಕೊಡುತ್ತಾನೆ. ಅದೇ ರಾತ್ರಿ ಅತ್ತ ಗಂಡ ಯುದ್ಧದಲ್ಲಿ ಸಾಯುತ್ತಾನೆ. ಇತ್ತ ಗಂಡನೇ ಎಂದು ನಂಬಿ ಅವಳು ಬಾಗಿಲು ತೆರೆಯುತ್ತಾಳೆ. ನೂರಾರು ವರ್ಷ ಇದನ್ನು ಮಾಯೆಯ ಚಮತ್ಕಾರ ಎಂದು ಹೇಳಿಕೊಂಡು ಬಂದರು. ಬೆಳಿಗ್ಗೆ ಗಂಡ ಸತ್ತ ಸುದ್ದಿ ಬಂದಾಗ, ಸತ್ತ ಹೊತ್ತು ಯಾವುದು ಎಂದು ಕೇಳಿದಾಗ, ಅವಳ ಎದೆಯಲ್ಲಿ ಏನಾಯಿತು? ಈ ಪ್ರಶ್ನೆ ಕೇಳುವ ಲೇಖಕಿ ಅಥವಾ ಲೇಖಕ ಒಂದು ಹನಿ ರಕ್ತ ತೋರಿಸದೆಯೂ ಹಸಿಯಾದ ಕಾದಂಬರಿ ಬರೆಯಬಲ್ಲರು.

ಪ್ರಶ್ನೆ: ಮಾಯ ಮಂತ್ರ ಎಲ್ಲ ತೆಗೆದರೆ ಮರ್ಲಿನ್‌ಗೆ ಕೆಲಸವೇನು?

ಉತ್ತರ: ಮಂತ್ರ ಫಲಿಸಬೇಕಾಗಿಲ್ಲ, ಜನ ನಂಬಿದರೆ ಸಾಕು. ಬಾತ್ ಊರಿನ ಬಿಸಿನೀರಿನ ಬುಗ್ಗೆಯಲ್ಲಿ ರೋಮನ್ ಕಾಲದ ಸುಮಾರು 130 ಶಾಪದ ತಗಡುಗಳು ಸಿಕ್ಕಿವೆ. ಸೀಸದ ತೆಳು ಹಾಳೆಯ ಮೇಲೆ ಬರೆದು, ಮಡಿಸಿ, ದೇವತೆಯ ನೀರಿಗೆ ಹಾಕಿದ್ದು. ನನ್ನ ಮೇಲಂಗಿ ಕದ್ದವನು ಗಂಡಾಗಲಿ ಹೆಣ್ಣಾಗಲಿ, ಗುಲಾಮನಾಗಲಿ ಸ್ವತಂತ್ರನಾಗಲಿ, ಅವನಿಗೆ ನಿದ್ದೆ ಬಾರದಿರಲಿ ಎಂಬ ಧಾಟಿಯ ಶಾಪಗಳು. ಒಂದು ಅಂಗಿಗೆ ಇಷ್ಟು ಶಾಪ! ಇಂಥ ಜನರ ನಡುವೆ, ಯಾರಿಗೆ ಯಾವುದರ ಭಯ ಎಂದು ಬಲ್ಲ ಒಬ್ಬ ಮುದುಕ ಎಷ್ಟು ಬಲಶಾಲಿ ಆಗಿರಬೇಡ. ಮಾಯೆಯನ್ನು ಪೂರ್ತಿ ಕಿತ್ತು, ಎಲ್ಲರನ್ನೂ ಇವತ್ತಿನವರಂತೆ ಯೋಚಿಸುವ ಹಾಗೆ ಮಾಡಿದ ಕಾದಂಬರಿಗಳು ನನಗೆ ಹಿಡಿಸುವುದಿಲ್ಲ. ಅವು ಕೂಡ ಸುಳ್ಳೇ.

ಪ್ರಶ್ನೆ: ಯುದ್ಧ ಎಂದು ಹೇಳಿ 50 ಜನರ ಜಗಳ ತೋರಿಸುತ್ತಾರೆ. ಸೈನ್ಯ ಅಷ್ಟು ಚಿಕ್ಕದೇ?

ಉತ್ತರ: ಚಿಕ್ಕದೇ. ವೆಸೆಕ್ಸ್‌ನ ರಾಜ ಇನೆ 7ನೇ ಶತಮಾನದ ಕೊನೆಯಲ್ಲಿ ಮಾಡಿದ ಕಾನೂನಿನಲ್ಲಿ ಏಳು ಜನರವರೆಗೆ ಕಳ್ಳರು, ಏಳರಿಂದ 35ರವರೆಗೆ ತಂಡ, ಅದಕ್ಕಿಂತ ಹೆಚ್ಚಾದರೆ ದಂಡು. ದೋಚಲು ಬರುವವರಿಗೆ ಶಿಕ್ಷೆ ಗೊತ್ತುಮಾಡಲು ಹಾಕಿದ ಲೆಕ್ಕ ಇದು, ದೊಡ್ಡ ಯುದ್ಧಗಳಿಗೆ ಜಾಸ್ತಿ ಜನ ಸೇರಿರಬಹುದು. ಆದರೂ 36 ಜನ ಬಂದರೆ ಒಂದು ಊರಿಗೆ ಅದು ದಂಡೇ. ಕತ್ತಿ ಉಳ್ಳವರ ಆಯುಧ, ಬಹಳ ಮಂದಿಯ ಕೈಯಲ್ಲಿ ಈಟಿ ಮತ್ತು ಮರದ ಗುರಾಣಿ. ಚಿಕ್ಕ ಕದನದಲ್ಲಿ ಸತ್ತ ಪ್ರತಿಯೊಬ್ಬನ ಹೆಸರೂ ಉಳಿದವರಿಗೆ ಗೊತ್ತಿರುತ್ತದೆ. ನನಗೆ ಅದು ಹೆಚ್ಚು ತಟ್ಟುತ್ತದೆ.

ಪ್ರಶ್ನೆ: ರಾಬಿನ್ ಹುಡ್ ಕುಲೀನ ಮನೆತನದವನೋ ರೈತನೋ? ಒಂದೊಂದು ಪುಸ್ತಕದಲ್ಲಿ ಒಂದೊಂದು ಥರ. ರಿಚರ್ಡ್ ರಾಜ ಕೊನೆಗೆ ಬರಲೇಬೇಕೇ?

ಉತ್ತರ: ಹಳೆಯ ಲಾವಣಿಗಳಲ್ಲಿ ಅವನು ಯೋಮನ್, ಅಂದರೆ ಸರದಾರನೂ ಅಲ್ಲ, ಜೀತದವನೂ ಅಲ್ಲ, ನಡುವಿನವನು. ಅಲ್ಲಿ ಬರುವ ರಾಜ ಎಡ್ವರ್ಡ್, ರಿಚರ್ಡ್ ಅಲ್ಲ. ಅಡ್ಡಾಡುವ ಜಾಗ ನಾಟಿಂಗ್‌ಹ್ಯಾಮ್ ಕಡೆಯ ಶೆರ್‌ವುಡ್ ಕಾಡಿಗಿಂತ ಹೆಚ್ಚಾಗಿ ಯಾರ್ಕ್‌ಷೈರ್‌ನ ಬಾರ್ನ್ಸ್‌ಡೇಲ್. ಅವನ ಪ್ರೇಯಸಿ ಮರಿಯನ್ ಅಲ್ಲಿ ಇಲ್ಲ. ರಿಚರ್ಡ್ ಕಾಲಕ್ಕೆ ರಾಬಿನ್‌ನನ್ನು ಒಯ್ದದ್ದು 1521ರಲ್ಲಿ ಸ್ಕಾಟ್ಲೆಂಡಿನ ಇತಿಹಾಸಕಾರ ಜಾನ್ ಮೇಜರ್. ರಾಬಿನ್ ಅರ್ಲ್, ಅಂದರೆ ದೊಡ್ಡ ಸರದಾರ, ಆದದ್ದು 1598ರ ಹೊತ್ತಿನ ನಾಟಕಗಳಲ್ಲಿ. ಸ್ಯಾಕ್ಸನ್ನರ ಪರ ನಾರ್ಮನ್ನರ ವಿರುದ್ಧ ಹೋರಾಡುವವನಾಗಿ ಎಲ್ಲರ ಮನಸ್ಸಿನಲ್ಲಿ ಕೂತದ್ದು 1819ರಲ್ಲಿ ವಾಲ್ಟರ್ ಸ್ಕಾಟ್ ಬರೆದ ಕಾದಂಬರಿಯಿಂದ. ರಿಚರ್ಡ್ ಹತ್ತು ವರ್ಷ ರಾಜನಾಗಿದ್ದರೂ ಇಂಗ್ಲೆಂಡಿನಲ್ಲಿ ಕಳೆದದ್ದು ಆರು ತಿಂಗಳಷ್ಟೇ. ಅವನ ಯುದ್ಧಕ್ಕೂ, ಸೆರೆ ಸಿಕ್ಕಾಗ ಬಿಡಿಸಿಕೊಳ್ಳುವುದಕ್ಕೂ ತೆರಿಗೆ ಕಟ್ಟಿ ಸೋತವರು ಇದೇ ಜನ. ಅವನನ್ನು ದೇವರಂತೆ ಕೊನೆಯ ಪುಟದಲ್ಲಿ ಇಳಿಸದ ಲೇಖಕರನ್ನು ನಾನು ಮೆಚ್ಚುತ್ತೇನೆ.

ಜಿಂಕೆ ಬೇಟೆಯ ಬಗ್ಗೆಯೂ ಒಂದು ಮಾತು ಸೇರಿಸಿಬಿಡುತ್ತೇನೆ. ಆಗ ಫಾರೆಸ್ಟ್ ಎಂದರೆ ಮರ ತುಂಬಿದ ಕಾಡು ಎಂದಲ್ಲ, ರಾಜನ ಬೇಟೆಯ ಕಾನೂನು ನಡೆಯುವ ಸೀಮೆ. ಹೊಲ, ಹಳ್ಳಿ ಎಲ್ಲ ಅದರೊಳಗೆ ಬರುತ್ತಿದ್ದವು. 1217ರ ಅರಣ್ಯ ಸನ್ನದು ಬಂದ ಮೇಲೆ ಜಿಂಕೆ ಕೊಂದದ್ದಕ್ಕೆ ಪ್ರಾಣ ಅಥವಾ ಅಂಗ ತೆಗೆಯುವಂತಿಲ್ಲ. ದಂಡ, ಕಟ್ಟಲಾಗದಿದ್ದರೆ ಒಂದು ವರ್ಷ ಒಂದು ದಿನ ಸೆರೆ. ಅದಾದ ಮೇಲಿನ ಕಾಲದ ಕಥೆಯಲ್ಲಿ ಜಿಂಕೆಗಾಗಿ ಕೈ ಕಡಿಯುವುದನ್ನು ಓದಿದರೆ, ಲೇಖಕರು ಓದಿಕೊಂಡಿಲ್ಲ ಎಂದು ತಿಳಿಯಿರಿ.

ಪ್ರಶ್ನೆ: ವೆಲ್ಷ್ ಹೆಸರುಗಳನ್ನು ಓದಲು ಹೋಗಿ ಪುಸ್ತಕವನ್ನೇ ಬಿಟ್ಟೆ. ಏನಾದರೂ ಸುಲಭ ದಾರಿ ಇದೆಯೇ?

ಉತ್ತರ: ಇದೆ, ಅದೂ ಕನ್ನಡ ಓದುವವರಿಗೆ ಇನ್ನೂ ಸುಲಭ. ಇಂಗ್ಲಿಷಿನಂತೆ ಅಲ್ಲ, ವೆಲ್ಷ್‌ನಲ್ಲಿ ಬರೆದಂತೆ ಓದುವ ನಿಯಮ ಗಟ್ಟಿಯಾಗಿದೆ. ಡಿ ಅಕ್ಷರ ಜೋಡಿ ಬಂದರೆ ಅದು ನಮ್ಮ ದ ಹತ್ತಿರದ ಸದ್ದು. ಎಫ್ ಒಂದೇ ಇದ್ದರೆ ವ. ಡಬ್ಲ್ಯೂ ಎಷ್ಟೋ ಕಡೆ ಉ ಎಂಬ ಸ್ವರ. ಸಿ ಯಾವಾಗಲೂ ಕ. ಹಾಗಾಗಿ ಗ್ವಿನಿವಿಯರ್‌ಳ ವೆಲ್ಷ್ ಹೆಸರು ಗ್ವೆನ್‌ಹುಯ್‌ವರ್, ಮರ್ಲಿನ್ ಮರ್‌ದಿನ್, ಆರ್ಥರನ ಸಂಗಡಿಗ ಬೆಡಿವಿಯರ್ ಬೆಡ್‌ವಿರ್. ಎಲ್ ಜೋಡಿ ಬಂದರೆ ಮಾತ್ರ ನಮ್ಮಲ್ಲಿ ಅಕ್ಷರವಿಲ್ಲ. ಲ ಹೇಳುವ ಹಾಗೆ ನಾಲಿಗೆ ಇಟ್ಟು ಬರೀ ಗಾಳಿ ಬಿಡಬೇಕು. ಒಂದು ಕಾಗದದಲ್ಲಿ ಹತ್ತು ಮುಖ್ಯ ಹೆಸರುಗಳನ್ನು ಕನ್ನಡದಲ್ಲಿ ಬರೆದು ಪುಸ್ತಕದೊಳಗೆ ಇಟ್ಟುಕೊಳ್ಳಿ. ಬಿಟ್ಟ ಪುಸ್ತಕವನ್ನು ದಯವಿಟ್ಟು ಮತ್ತೆ ತೆಗೆಯಿರಿ.

ಪ್ರಶ್ನೆ: ಯಾವುದರಿಂದ ಶುರುಮಾಡಲಿ?

ಉತ್ತರ: ರೋಸ್‌ಮೆರಿ ಸಟ್‌ಕ್ಲಿಫ್ 1963ರಲ್ಲಿ ಬರೆದ "ಸೋರ್ಡ್ ಅಟ್ ಸನ್‌ಸೆಟ್". ಸಾಯುತ್ತಿರುವ ಆರ್ಥರನೇ ತನ್ನ ಕಥೆ ಹೇಳುತ್ತಾನೆ. ಕತ್ತಿಗಿಂತ ಕುದುರೆ ಸಾಕಣೆ, ಮೇವು, ಚಳಿಗಾಲದ ಚಿಂತೆ ಅದರಲ್ಲಿ ಹೆಚ್ಚು. ವೇಗ ಬೇಕಿದ್ದವರಿಗೆ ಬರ್ನಾರ್ಡ್ ಕಾರ್ನ್‌ವೆಲ್ 1995ರಿಂದ 1997ರವರೆಗೆ ತಂದ ಮೂರು ಸಂಪುಟಗಳು, "ದಿ ವಿಂಟರ್ ಕಿಂಗ್" ಮೊದಲನೆಯದು. ಸ್ಯಾಕ್ಸನ್ನನಾಗಿ ಹುಟ್ಟಿ ಆರ್ಥರನಿಗಾಗಿ ಹೋರಾಡಿದ ದೆರ್ವೆಲ್ ಮುಪ್ಪಿನಲ್ಲಿ ಮಠದಲ್ಲಿ ಕೂತು ಹೇಳುವ ಕಥೆ ಅದು.

ಪ್ರಶ್ನೆ: ನಾನೂ ಇಂಥದ್ದೊಂದು ಬರೆಯಬೇಕೆಂದಿದ್ದೇನೆ. ಆರ್ಥರ್ ಬಗ್ಗೆ ಎಲ್ಲರೂ ಬರೆದುಬಿಟ್ಟಿದ್ದಾರೆ ಅನಿಸುತ್ತದೆ. ನೀವು ಓದಲು ಬಯಸುವುದು ಯಾರ ಕಥೆ?

ಉತ್ತರ: ಆರ್ಥರನ ಕಾಲದಲ್ಲೇ ಇನ್ನೂ ಬರೆಯುವುದಿದೆ. 536ರಲ್ಲಿ ದೊಡ್ಡ ಜ್ವಾಲಾಮುಖಿಯ ಬೂದಿ ಮುಸುಕಿ ಸೂರ್ಯ ಮಂಕಾದ, ಉತ್ತರದ ನಾಡುಗಳಲ್ಲಿ ಬೇಸಿಗೆ ತಣ್ಣಗಾಯಿತು, ಬೆಳೆ ಕೈಕೊಟ್ಟಿತು. ಆಮೇಲೆ ಪ್ಲೇಗ್. ಕೇಂಬ್ರಿಡ್ಜ್‌ಷೈರ್‌ನ ಎಡಿಕ್ಸ್ ಹಿಲ್‌ನ 6ನೇ ಶತಮಾನದ ಎಲುಬುಗಳಲ್ಲಿ ಪ್ಲೇಗಿನ ರೋಗಾಣುವಿನ ಗುರುತು ಸಿಕ್ಕಿದ್ದು 2019ರಲ್ಲಿ ಗೊತ್ತಾಯಿತು. ಮೊದಲ ಉತ್ತರದಲ್ಲಿ ಹೇಳಿದ ಕ್ಯಾಮ್ಲನ್ ಸಾಲನ್ನು ಈಗ ಮತ್ತೆ ಓದಿ. ಆರ್ಥರ್ ಬಿದ್ದ, ಪಿಡುಗು ಇತ್ತು. ಕ್ಯಾಮ್ಲನ್ ಒಂದು ಸಿಂಹಾಸನಕ್ಕಾಗಿ ಆಗದೆ, ಉಳಿದ ಒಂದು ಕಣಜದ ಕಾಳಿಗಾಗಿ ಆಗಿದ್ದರೆ? ದಾಖಲೆ ಹಾಗೆ ಹೇಳುವುದಿಲ್ಲ, ಆದರೆ ನೀವು ಕಾದಂಬರಿ ಬರೆಯುವವರು, ಹಾಗೆ ಊಹಿಸಬಹುದು. ಎರಡು ಕಡೆಯೂ ಹಸಿದ ಮಕ್ಕಳಿದ್ದರೆ ಮಾರ್ಡ್ರೆಡ್ ಕೇಡಿಗನಾಗಿ ಉಳಿಯುವುದಿಲ್ಲ.

ಆದರೂ ನನ್ನನ್ನೇ ಕೇಳಿದ್ದೀರಿ, ಹೇಳುತ್ತೇನೆ. ನನಗೆ ಮಚ್‌ನ ಕಥೆ ಬೇಕು. ಹಿಟ್ಟಿನ ಗಿರಣಿಯವನ ಮಗ. ಎಲ್ಲ ಪುಸ್ತಕಗಳಲ್ಲೂ ಅವನು ಪಕ್ಕದಲ್ಲಿ ನಿಂತು ನಗಿಸುವವನು. ಆ ಹುಡುಗನನ್ನು ಕೊಂದದ್ದು ಅವನು. ಸನ್ಯಾಸಿಯ ಪತ್ರ ಹಿಡಿದು ಅವನೂ ಜಾನ್‌ನೂ ನೇರ ರಾಜನ ಬಳಿಗೇ ಹೋಗುತ್ತಾರೆ, ರಾಜ ಅವರಿಗೆ ಇನಾಮು ಕೊಡುತ್ತಾನೆ, ರಾಬಿನ್ ಬಿಡುಗಡೆಯಾಗುತ್ತಾನೆ, ಎಲ್ಲರೂ ಕಾಡಿನಲ್ಲಿ ಕೂತು ವೈನ್ ಕುಡಿಯುತ್ತಾರೆ. ಲಾವಣಿ ಮುಗಿಯುತ್ತದೆ. ಮಚ್ ಅವತ್ತು ಕುಡಿದನೋ ಇಲ್ಲವೋ ಯಾರೂ ಹಾಡಿಲ್ಲ. ನೀವು ಅಲ್ಲಿಂದ ಶುರುಮಾಡಿ, ಮೊದಲ ಅಧ್ಯಾಯ ಆದ ಕೂಡಲೇ ನನಗೆ ಕಳಿಸಿ.